ಮಿನಿ ಡಿವಿ ಕ್ಯಾಮೆರಾದಲ್ಲಿ ಆಡಿಯೋ 12 ಬಿಟ್ ಇಡೋದಾ, 16 ಬಿಟ್ಟಾ?

ಪ್ರಶ್ನೆ:
ಅಣ್ಣನ ಹಳೇ ಮಿನಿ ಡಿವಿ (ಪುಟ್ಟ ಡಿಜಿಟಲ್ ಕ್ಯಾಸೆಟ್ಟಿನ) ಕ್ಯಾಮೆರಾ ನನ್ನ ಕೈಗೆ ಬಂದಿದೆ. ಮುಂದಿನ ವಾರ ಊರಲ್ಲಿ ಯಕ್ಷಗಾನ ಬಯಲಾಟ, ರೆಕಾರ್ಡ್ ಮಾಡ್ಬೇಕು. ಮೆನುವಿನಲ್ಲಿ ಆಡಿಯೋ ಮೊದಲಿಂದ 12 ಬಿಟ್‌ನಲ್ಲೇ ಇತ್ತು. 16 ಹಾಕಿದ್ರೆ ಟೇಪು ಬೇಗ ಮುಗಿಯುತ್ತಾ? ನೋಡೋಣ ಅಂತ ಒಂದೇ ಕ್ಯಾಸೆಟ್‌ನಲ್ಲಿ ಅರ್ಧ 12, ಇನ್ನರ್ಧ 16ರಲ್ಲಿ ತೆಗೆದೆ. ಕಂಪ್ಯೂಟರಿಗೆ ಇಳಿಸಿದ್ರೆ ಮೊದಲರ್ಧ ಸರಿ ಇದೆ. ಆಮೇಲೆ ಅಜ್ಜಿ ಬಾಯಿ ಮುಚ್ಚಿ ಕೂತಿದ್ರೂ ಮಾತು ಬರ್ತಾನೇ ಇದೆ, ಅದೂ ಗಂಡು ದನಿಯಲ್ಲಿ!

ಉತ್ತರ:
12 ಇಟ್ರೆ ಟೇಪು ಒಂದು ನಿಮಿಷವೂ ಉಳಿತಾಯ ಆಗಲ್ಲ ಮಾರಾಯ್ರೇ. ಲೆಕ್ಕ ಹಾಕಿ: 12 ಬಿಟ್‌ನಲ್ಲಿ ಸೆಕೆಂಡಿಗೆ 32,000 ಸ್ಯಾಂಪಲ್ (ಸದ್ದಿನ ಅಳತೆ, ಒಂದೊಂದಕ್ಕೂ 12 ಬಿಟ್), ನಾಲ್ಕು ಚಾನೆಲ್ (ಸದ್ದಿನ ಬೇರೆ ಬೇರೆ ಹಾದಿ). 16 ಬಿಟ್‌ನಲ್ಲಿ 48,000, ಎರಡೇ ಚಾನೆಲ್. ಗುಣಿಸಿದ್ರೆ ಎರಡೂ 15,36,000 ಬಿಟ್. 12ರಲ್ಲಿ ಎರಡು ಚಾನೆಲ್ ಖಾಲಿ ಬಿಡೋದು ಆಮೇಲೆ ಅದೇ ಟೇಪಿನ ಮೇಲೆ ವಿವರಣೆಯೋ ಸಂಗೀತವೋ ಸೇರಿಸ್ಲಿಕ್ಕೆ. ಈಗ ಆ ಕೆಲಸ ಕಂಪ್ಯೂಟರಲ್ಲೇ ಆಗುತ್ತಲ್ಲ, ಯಾರಿಗೆ ಬೇಕು ಅದು! ಮೇಲಾಗಿ 32,000 ಸ್ಯಾಂಪಲ್ಲಿಗೆ 16,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಸಿಗಲ್ಲ. ಮಾತಿಗೆ ಸಾಕು, ಚಕ್ರತಾಳದ ಝಣಝಣ ಮಂಕಾಗುತ್ತೆ. 16ಕ್ಕೆ ಹಾಕಿ, ಮತ್ತೆ ಮುಟ್ಟಬೇಡಿ.

ಅಜ್ಜಿ ದನಿ ಕೆಟ್ಟದ್ದು ಬೆರಕೆಯಿಂದ. ಶುರುವಿನಲ್ಲಿ 32,000 ಸಿಕ್ತು ಅಂತ ಸಾಫ್ಟ್‌ವೇರ್ ಕೊನೆತನಕ ಅದನ್ನೇ ಹಿಡ್ಕೊಂಡಿದೆ. ಹಾಗಾಗಿ 48,000ದ ಭಾಗದಲ್ಲಿ ಒಂದು ಸೆಕೆಂಡಿನ ಮಾತು ಒಂದೂವರೆ ಸೆಕೆಂಡಿಗೆ ಎಳೆದು ದಪ್ಪ ಆಯ್ತು. ಮೋಡ್ ಬದಲಾದ ಜಾಗ ಹುಡುಕಿ, ಎರಡೂ ಭಾಗ ಬೇರೆ ಬೇರೆ ಫೈಲಾಗಿ ಇಳಿಸಿ. ಒಟ್ಟಿಗೆ ಜೋಡಿಸೋದಾದ್ರೆ ಮೊದಲನೇದನ್ನು 48,000ಕ್ಕೆ ಬದಲಾಯಿಸ್ಕೊಳ್ಳಿ. ಡಿವಿಡಿಗೂ ಅದೇ ಬೇಕು.

ಇನ್ನೊಬ್ಬರು:
ಬಿಟ್ ಲೆಕ್ಕಕ್ಕಿಂತ ದೊಡ್ಡದು ಮೈಕ್ ಎಲ್ಲಿಡ್ತೀರಿ ಅನ್ನೋದು. ಚೆಂಡೆ ಪಕ್ಕ ನಿಂತ್ರೆ ಕ್ಯಾಮೆರಾದ ಆಟೋ ಲೆವೆಲ್ (ದನಿಯ ಮಟ್ಟ ತಾನೇ ಹೊಂದಿಸೋದು) ಒಂದೊಂದು ಪೆಟ್ಟಿಗೂ ದನಿ ತಗ್ಗಿಸುತ್ತೆ, ಭಾಗವತರ ಪದ ಮುಳುಗಿಹೋಗುತ್ತೆ. ಮೆನುವಿನಲ್ಲಿ ಮ್ಯಾನ್ಯುವಲ್ ಇದ್ರೆ ಚೆಂಡೆ ಜೋರಾಗಿ ಬಾರಿಸುವಾಗ ಮೀಟರ್ ನೋಡಿ ಕಮ್ಮಿಗೆ ನಿಲ್ಲಿಸಿ. ಇಲ್ದಿದ್ರೆ ಹೊರಗಿನ ಮೈಕ್ ಹಾಕಿ, ಭಾಗವತರ ಕಡೆಗೆ ಇಡಿ.

ಪ್ರಶ್ನೆ ಕೇಳಿದವರು:
ಒಡೆದು ಇಳಿಸಿದೆ, ಸರಿ ಆಯ್ತು. ಅಜ್ಜಿಗೆ ಮಾತ್ರ ಆ ಗಂಡು ದನಿಯದ್ದೇ ಇನ್ನೊಮ್ಮೆ ಹಾಕಬೇಕಂತೆ.