ನೀರಾಧಾರಿತ ಶಾಯಿಗೆ ಸ್ಕ್ರೀನ್ ತಾಳುತ್ತಿಲ್ಲ: ಎಮಲ್ಷನ್ ಮೆತ್ತಗಾಗಿ ಕಿತ್ತುಬರುತ್ತಿದೆ, ಪರಿಹಾರವೇನು?

ಪ್ರಶ್ನೆ

ಹತ್ತಿ ಬಟ್ಟೆಯ ಮೇಲೆ ನೀರಾಧಾರಿತ ಪಿಗ್ಮೆಂಟ್ ಶಾಯಿಯಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದೇನೆ. ಮೆಶ್ (ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ) ಸೆಂಟಿಮೀಟರಿಗೆ 55 ಎಳೆಗಳ ಬಿಳಿ ಪಾಲಿಯೆಸ್ಟರ್. ಎಮಲ್ಷನ್, ಅಂದರೆ ಮೆಶ್ ಮೇಲೆ ಹಚ್ಚುವ, ಬೆಳಕಿಗೆ ಗಟ್ಟಿಯಾಗುವ ಲೇಪ, ಡಯಾಜೊ ಎಂಬ ಬೆಳಕಿಗೆ ಪ್ರತಿಕ್ರಿಯಿಸುವ ರಾಸಾಯನಿಕವನ್ನು ಬೆರೆಸಿಕೊಳ್ಳುವ ಮಾದರಿಯದು. ತೊಳೆದು ಒಣಗಿಸಿದ ಮೇಲೆ ಸ್ಟೆನ್ಸಿಲ್ (ಚಿತ್ರದ ಜಾಗ ಮಾತ್ರ ತೆರೆದಿರುವ ಎಮಲ್ಷನ್ ಪದರ) ಅಚ್ಚುಕಟ್ಟಾಗಿಯೇ ಕಾಣುತ್ತದೆ, ಮೊದಲ ಪ್ರತಿಗಳೂ ಚೆನ್ನಾಗಿ ಬರುತ್ತವೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಅಕ್ಷರಗಳ ಅಂಚು ಉಬ್ಬಿ, ಶಾಯಿ ಎಳೆಯುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿ ಓಡಾಡುವ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಳ್ಳುತ್ತವೆ. ಒದ್ದೆ ಸ್ಪಂಜಿನಿಂದ ಒಮ್ಮೆ ಒರೆಸಿದರಂತೂ ಎಮಲ್ಷನ್ ಸಿಪ್ಪೆಯಂತೆ ಎದ್ದುಬರುತ್ತದೆ. ಇದೇ ಎಮಲ್ಷನ್‌ನಲ್ಲಿ ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಆಧಾರಿತ) ಶಾಯಿ ಬಳಸುತ್ತಿದ್ದಾಗ ಈ ತೊಂದರೆ ಇರಲಿಲ್ಲ. ನೀರಿನ ಶಾಯಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆಯೇ ಬರೆದಿದೆ. ಬೆಳಕು ಕೊಡುವ ಸಮಯವನ್ನು ಹೆಚ್ಚಿಸಿದರೆ ಸಣ್ಣ ಗೆರೆಗಳು ತೊಳೆಯುವಾಗ ತೆರೆದುಕೊಳ್ಳುವುದೇ ಇಲ್ಲ. ಮೇಲೆ ಹಚ್ಚುವ ಗಟ್ಟಿಕಾರಕ ದ್ರವ ಕೊಂಡರೆ ಸಾಕೇ, ಅಥವಾ ಎಮಲ್ಷನ್ನನ್ನೇ ಬದಲಾಯಿಸಬೇಕೇ?

ಉತ್ತರ 1

ಎರಡನ್ನೂ ಸದ್ಯಕ್ಕೆ ಬದಿಗಿಡಿ. ನೀವು ವಿವರಿಸಿದ ಲಕ್ಷಣಗಳೆಲ್ಲವೂ ಬೆಳಕು ಸಾಲದೆ ಅರ್ಧ ಗಟ್ಟಿಯಾದ ಸ್ಟೆನ್ಸಿಲ್‌ನ ಲಕ್ಷಣಗಳು. ಎಮಲ್ಷನ್ನಿನ ಮುಖ್ಯ ಭಾಗವಾದ ಪಾಲಿವಿನೈಲ್ ಆಲ್ಕೋಹಾಲ್ ತಾನಾಗಿ ನೀರಿನಲ್ಲಿ ಕರಗುವ ವಸ್ತು. ಬೆಳಕು ಬಿದ್ದಾಗ ಡಯಾಜೊ ಅದರ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುವುದರಿಂದ ಮಾತ್ರ ಅದು ನೀರಿಗೆ ಕರಗದಂತಾಗುತ್ತದೆ. ಈ ಹೆಣಿಗೆ ಅರ್ಧದಲ್ಲೇ ನಿಂತರೆ ಪದರವು ತೊಳೆಯುವಾಗ ಉಳಿದುಕೊಳ್ಳುವಷ್ಟು ಗಟ್ಟಿಯಾಗಿರುತ್ತದೆ, ಆದರೆ ಶಾಯಿಯಲ್ಲಿರುವ ನೀರನ್ನು ಗಂಟೆಗಟ್ಟಲೆ ಹೀರಿಕೊಂಡಾಗ ಉಬ್ಬಿ ಮೆತ್ತಗಾಗುತ್ತದೆ, ಮೆತ್ತಗಾದುದನ್ನು ಸ್ಕ್ವೀಜಿ ಉಜ್ಜಿ ತೆಗೆಯುತ್ತದೆ. ಪ್ಲಾಸ್ಟಿಸಾಲ್‌ನಲ್ಲಿ ನೀರೇ ಇಲ್ಲದ ಕಾರಣ ಅರೆಗಟ್ಟಿ ಸ್ಟೆನ್ಸಿಲ್ ಕೂಡ ಅದರಲ್ಲಿ ನಿಭಾಯಿಸಿಬಿಡುತ್ತದೆ. ಎಂದರೆ ದೋಷ ಆಗಲೂ ಇತ್ತು, ಹೊರಗೆ ತೋರುತ್ತಿರಲಿಲ್ಲ ಅಷ್ಟೆ.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭವಾದ ಪರೀಕ್ಷೆಯೊಂದಿದೆ. ಬೆಳಕು ಬೀಳುವುದು ಮುದ್ರಣದ ಬದಿಯಿಂದ, ಅಂದರೆ ಬಟ್ಟೆಗೆ ತಾಗುವ ಬದಿಯಿಂದ. ಪದರದೊಳಗಿನ ಡಯಾಜೊ ಆ ಬೆಳಕನ್ನು ಹೀರಿಕೊಳ್ಳುತ್ತಾ ಹೋಗುವುದರಿಂದ ಸ್ಕ್ವೀಜಿ ಬದಿಯ ಎಮಲ್ಷನ್‌ಗೆ ಅದು ತಲುಪುವುದು ಕೊನೆಯಲ್ಲಿ. ಹಾಗಾಗಿ ಮುಂದಿನ ಸ್ಕ್ರೀನನ್ನು ತೊಳೆದ ಕೂಡಲೇ ಒಳಬದಿಯ ಮೇಲೆ, ಚಿತ್ರವಿಲ್ಲದ ಜಾಗದಲ್ಲಿ, ಬೆರಳನ್ನು ಮೆಲ್ಲಗೆ ಎಳೆದು ನೋಡಿ. ಲೋಳೆಯಂತೆ ಜಾರಿದರೆ, ಅಥವಾ ಬಿಳಿ ಕಾಗದವನ್ನು ಒತ್ತಿದಾಗ ಅದಕ್ಕೆ ಎಮಲ್ಷನ್ನಿನ ಬಣ್ಣ ಹತ್ತಿದರೆ, ಆ ಬದಿಗೆ ಬೆಳಕು ತಲುಪಿಲ್ಲ. ಸ್ಕ್ವೀಜಿಯೂ ಶಾಯಿಯೂ ದಿನವಿಡೀ ಕೆಲಸ ಮಾಡುವುದು ಇದೇ ಬದಿಯ ಮೇಲೆ ಎಂಬುದನ್ನು ಮರೆಯಬಾರದು.

ಬೆಳಕಿನ ಮೂಲ, ಅದರ ದೂರ, ಪಾಸಿಟಿವ್ (ಬೆಳಕು ಕೊಡುವಾಗ ಸ್ಕ್ರೀನಿಗೆ ಒತ್ತಿಡುವ ಕಪ್ಪು ಚಿತ್ರದ ಹಾಳೆ) ಯಾವುದರ ಮೇಲೆ ಮುದ್ರಿಸಿದ್ದು, ಸ್ಕ್ರೀನನ್ನು ಎಲ್ಲಿ ಒಣಗಿಸುತ್ತೀರಿ ಎಂಬುದನ್ನು ತಿಳಿಸಿದರೆ ಮುಂದೆ ಹೇಳಬಹುದು.

ಪ್ರಶ್ನಿಸಿದವರು

ಪರೀಕ್ಷಿಸಿದೆ. ಒಳಬದಿ ಜಾರುತ್ತದೆ, ಕಾಗದಕ್ಕೆ ಬಣ್ಣವೂ ಹತ್ತಿತು. ಬೆಳಕಿಗೆ ಸಾಮಾನ್ಯ ಬಿಳಿ ಎಲ್‌ಇಡಿ ಫ್ಲಡ್ ದೀಪ, ಸುಮಾರು 40 ಸೆಂಟಿಮೀಟರ್ ಎತ್ತರದಲ್ಲಿ. ಪಾಸಿಟಿವ್ ಲೇಸರ್ ಪ್ರಿಂಟರಿನಿಂದ ಟ್ರೇಸಿಂಗ್ ಕಾಗದದ ಮೇಲೆ ತೆಗೆದದ್ದು. ಸ್ಕ್ರೀನ್ ತೊಳೆಯುವ ಕತ್ತಲೆ ಕೋಣೆಯಲ್ಲೇ ಒಣಗಿಸುತ್ತೇನೆ. ಬೆಳಕು ಕೊಡುವ ಹೊತ್ತಿಗೆ ಮುಟ್ಟಿದರೆ ಒಣಗಿರುತ್ತದೆ.

ಉತ್ತರ 1, ಮುಂದುವರಿದದ್ದು

ಹಾಗಿದ್ದರೆ ಮೂಲ ಕಾರಣ ಪಾಸಿಟಿವ್‌ನಲ್ಲಿದೆ. ಇದು ವಿಚಿತ್ರವೆನಿಸಬಹುದು, ಆದರೆ ಸ್ಟೆನ್ಸಿಲ್ ಬಾಳಿಕೆಯ ಬಗ್ಗೆ ನಾನು ಎಲ್ಲಕ್ಕಿಂತ ಒತ್ತಿ ಹೇಳಬಯಸುವ ಮಾತು ಇದೇ. ಟ್ರೇಸಿಂಗ್ ಕಾಗದದ ಮೇಲಿನ ಟೋನರ್ ಕಣ್ಣಿಗೆ ಕಪ್ಪಾಗಿ ಕಂಡರೂ ದೀಪದೆದುರು ಹಿಡಿದಾಗ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ತೂರಿಬರುತ್ತವೆ. ಪೂರ್ತಿ ಗಟ್ಟಿಯಾಗುವಷ್ಟು ಹೊತ್ತು ಬೆಳಕು ಕೊಟ್ಟರೆ ಆ ಕಪ್ಪಿನ ಮೂಲಕವೂ ಬೆಳಕು ನುಗ್ಗಿ ಚಿತ್ರದ ಭಾಗವೂ ಗಟ್ಟಿಯಾಗುತ್ತದೆ. ಗೆರೆಗಳು ತೆರೆದುಕೊಳ್ಳದಿರುವುದನ್ನು ಕಂಡು ನೀವು ಸಮಯ ಕಡಿಮೆ ಮಾಡುತ್ತೀರಿ, ಗೆರೆಗಳು ತೆರೆದುಕೊಳ್ಳುತ್ತವೆ, ಸ್ಟೆನ್ಸಿಲ್ ಮಾತ್ರ ಒಳಗಿನಿಂದ ಹಸಿಯಾಗಿಯೇ ಉಳಿಯುತ್ತದೆ. ಸಮಯವನ್ನು ಪಾಸಿಟಿವ್‌ಗೆ ತಕ್ಕಂತೆ ಇಳಿಸಬಾರದು, ಎಮಲ್ಷನ್ ಬೇಡುವ ಸಮಯಕ್ಕೆ ತಕ್ಕಂತೆ ಪಾಸಿಟಿವ್‌ನ ಕಪ್ಪನ್ನು ಏರಿಸಬೇಕು. ಒಂದೇ ಚಿತ್ರದ ಎರಡು ಪ್ರತಿಗಳನ್ನು ಅಂಚಿಗೆ ಅಂಚು ಹೊಂದಿಸಿ ಅಂಟಿಸುವುದು ತಕ್ಷಣದ ಉಪಾಯ. ಇಂಕ್‌ಜೆಟ್ ಫಿಲ್ಮಿನ ಮೇಲೆ ದಟ್ಟವಾಗಿ ಮುದ್ರಿಸುವುದು ಇನ್ನೂ ಉತ್ತಮ. ಪಾಸಿಟಿವ್ ಎಮಲ್ಷನ್‌ಗೆ ಎಲ್ಲಿಯೂ ಎಡೆಯಿಲ್ಲದಂತೆ ಒತ್ತಿಕೊಂಡಿರಲಿ, ಇಲ್ಲವಾದರೆ ಅಂಚಿನಡಿ ಬೆಳಕು ನುಸುಳುತ್ತದೆ. ಬಿಳಿ ಮೆಶ್ ಕೂಡ ತನ್ನ ಎಳೆಗಳಗುಂಟ ಬೆಳಕನ್ನು ಚದುರಿಸುತ್ತದೆ. ಹಳದಿ ಮೆಶ್ ಬಳಸಿದರೆ ಸಮಯ ಹೆಚ್ಚು ಬೇಕಾದರೂ ಸಣ್ಣ ಗೆರೆಗಳು ಉಳಿಯುತ್ತವೆ.

ದೀಪದ ವಿಷಯ. ಎಮಲ್ಷನ್‌ಗಳು ಪ್ರತಿಕ್ರಿಯಿಸುವುದು ಹೆಚ್ಚಾಗಿ 350ರಿಂದ 420 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ. ಬಿಳಿ ಎಲ್‌ಇಡಿಯ ನೀಲಿ ಬೆಳಕು ಸುಮಾರು 450ರ ಆಸುಪಾಸಿನದು, ಅದರಲ್ಲಿ ನಿಮಗೆ ಬೇಕಾದ ಅಂಶ ತೀರಾ ಕಡಿಮೆ. 365ರಿಂದ 405 ನ್ಯಾನೋಮೀಟರ್‌ನ ಯುವಿ ಎಲ್‌ಇಡಿ ಹಾಕಿಕೊಳ್ಳಿ, ಅದನ್ನು ಬರಿಗಣ್ಣಿನಿಂದ ನೋಡಬೇಡಿ. ದೂರವನ್ನು ಬದಲಿಸಿದರೆ ಸಮಯವನ್ನೂ ಬದಲಿಸಬೇಕು: ಒಂದೇ ದೀಪವಾದರೆ, ದೂರ ಎರಡು ಪಟ್ಟಾದಾಗ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ.

ಸಮಯವನ್ನು ಊಹಿಸುವ ಬದಲು ಮೆಟ್ಟಿಲು ಪರೀಕ್ಷೆ ಮಾಡಿ. ಎಮಲ್ಷನ್ ಹಚ್ಚಿದ ಸ್ಕ್ರೀನಿನ ಮೇಲೆ ಕಪ್ಪು ರಟ್ಟನ್ನು ಹಂತಹಂತವಾಗಿ ಸರಿಸುತ್ತಾ, ಒಂದೊಂದು ಪಟ್ಟಿಗೂ ಹಿಂದಿನದಕ್ಕಿಂತ ಹೆಚ್ಚು ಬೆಳಕು ಸಿಗುವಂತೆ ಮಾಡಿ ತೊಳೆದು ಒಣಗಿಸಿ. ಡಯಾಜೊದ ಹಳದಿ ಛಾಯೆ ಬೆಳಕಿಗೆ ಮಾಸುವುದರಿಂದ ಕಡಿಮೆ ಬೆಳಕಿನ ಪಟ್ಟಿಗಳಿಗೂ ಹೆಚ್ಚು ಬೆಳಕಿನವಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣುತ್ತದೆ. ಯಾವ ಪಟ್ಟಿಯಿಂದ ಮುಂದೆ ಬಣ್ಣ ಬದಲಾಗುವುದಿಲ್ಲವೋ ಅದೇ ನಿಮ್ಮ ಸಮಯ. ಡಯಾಜೊ ಇಲ್ಲದ ಅಪ್ಪಟ ಫೋಟೊಪಾಲಿಮರ್ ಎಮಲ್ಷನ್‌ನಲ್ಲಿ ಈ ಬಣ್ಣದ ಸುಳಿವು ಸಿಗದು, ಅಲ್ಲಿ ಒಳಬದಿಯ ಜಾರಿಕೆಯನ್ನೇ ನೋಡಬೇಕು.

ಒಣಗಿಸುವ ಜಾಗವನ್ನು ಬದಲಾಯಿಸಿ. ಕೈಗೆ ಒಣಗಿದಂತೆ ತೋರುವ ಪದರದೊಳಗೆ ತೇವ ಉಳಿದಿರುತ್ತದೆ, ಆ ತೇವ ಸರಪಳಿಗಳು ಹೆಣೆದುಕೊಳ್ಳುವುದನ್ನು ತಡೆಯುತ್ತದೆ. ಅಂಥ ಸ್ಕ್ರೀನ್‌ಗೆ ಎಷ್ಟು ಬೆಳಕು ಕೊಟ್ಟರೂ ಸಾಲದು. ತೊಳೆಯುವ ಕೋಣೆಯ ಹವೆಯಲ್ಲಿ ತೇವ ಸದಾ ಇದ್ದೇ ಇರುತ್ತದೆ. ಬೇರೆ ಕತ್ತಲೆ ಕೋಣೆಯಲ್ಲಿ ಹವೆಯ ತೇವಾಂಶವನ್ನು ಶೇಕಡ 50ಕ್ಕಿಂತ ಕೆಳಗೆ, ಸಾಧ್ಯವಾದರೆ 40ರ ಹತ್ತಿರ ಇಟ್ಟು, ಫ್ಯಾನಿನ ಗಾಳಿಯಲ್ಲಿ ಮುದ್ರಣದ ಬದಿ ಕೆಳಗಿರುವಂತೆ ಮಲಗಿಸಿ ಒಂದು ರಾತ್ರಿ ಬಿಡಿ. ಬಿಸಿ ಮಾಡುವುದಾದರೆ 40 ಡಿಗ್ರಿ ಸೆಲ್ಸಿಯಸ್ ದಾಟದಿರಲಿ.

ಉತ್ತರ 2

ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಗಟ್ಟಿಕಾರಕದ ಬಗ್ಗೆ ಉಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. ಸರಿಯಾಗಿ ಬೆಳಕು ಕಂಡ ಸ್ಟೆನ್ಸಿಲ್‌ನ ಆಯುಷ್ಯವನ್ನು ಗಟ್ಟಿಕಾರಕ ಹೆಚ್ಚಿಸುತ್ತದೆ, ಹಸಿಯಾಗಿ ಉಳಿದದ್ದನ್ನು ಉಳಿಸಲಾರದು. ಹಚ್ಚಿದ ಮೇಲೆ ಸ್ಟೆನ್ಸಿಲ್ಲನ್ನು ತೆಗೆದು ಮೆಶ್ಶನ್ನು ಮರಳಿ ಬಳಸುವುದು ಬಹುಮಟ್ಟಿಗೆ ಅಸಾಧ್ಯವಾಗುವುದರಿಂದ, ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಮುದ್ರಿಸುವ ಸ್ಕ್ರೀನ್‌ಗಳಿಗೆ ಮಾತ್ರ ಅದು ಯೋಗ್ಯ. ತೊಳೆದು ಒಣಗಿಸಿದ ಸ್ಕ್ರೀನಿನ ಒಳಬದಿಗೆ ಪಾಸಿಟಿವ್ ಇಲ್ಲದೆ ಮತ್ತೊಮ್ಮೆ ಬೆಳಕು ಕೊಡುವ ಪದ್ಧತಿ ಫೋಟೊಪಾಲಿಮರ್ ಮತ್ತು ಡ್ಯುಯಲ್ ಕ್ಯೂರ್ (ಡಯಾಜೊ, ಫೋಟೊಪಾಲಿಮರ್ ಎರಡೂ ಇರುವ) ಎಮಲ್ಷನ್‌ಗಳಿಗೆ ನಿಜಕ್ಕೂ ಸಹಾಯಕ. ಬರಿಯ ಡಯಾಜೊದಲ್ಲಿ ಪ್ರತಿಕ್ರಿಯಿಸದೆ ಉಳಿದ ಡಯಾಜೊ ತೊಳೆಯುವಾಗಲೇ ಬಹುಪಾಲು ಹೊರಟುಹೋಗುವುದರಿಂದ ಲಾಭ ಅಲ್ಪ. ಹಳೆಯ ರೂಢಿಯ ಡೈಕ್ರೋಮೇಟ್ ಬೆರೆಸಿ ಗಟ್ಟಿ ಮಾಡಬಹುದೆಂದು ಯಾರಾದರೂ ಹೇಳಿದರೆ ದಯವಿಟ್ಟು ಆ ದಾರಿ ಹಿಡಿಯಬೇಡಿ: ಅದು ಕ್ಯಾನ್ಸರ್‌ಕಾರಕ, ಚರಂಡಿಗೆ ಬಿಡಬಾರದ ವಿಷ.

ಮುದ್ರಿಸುವಾಗಿನ ಅಭ್ಯಾಸವೂ ಸ್ಕ್ರೀನಿನ ಬಾಳಿಕೆಯನ್ನು ನಿರ್ಧರಿಸುತ್ತದೆ. ಪ್ರತಿ ಪ್ರತಿಯ ನಂತರ ಶಾಯಿಯನ್ನು ಮೆಶ್ ಮೇಲೆ ತೆಳ್ಳಗೆ ಎಳೆದಿಟ್ಟರೆ ರಂಧ್ರಗಳು ಒಣಗುವುದಿಲ್ಲ, ಉಜ್ಜಿ ಒರೆಸುವ ಪ್ರಸಂಗವೇ ಬರುವುದಿಲ್ಲ. ಸ್ಕ್ವೀಜಿಯನ್ನು ಹಗುರವಾಗಿ ಒತ್ತಿ. ಕೆಲಸ ಮುಗಿದ ತಕ್ಷಣ ತಣ್ಣೀರನ್ನು ಮೆಲ್ಲಗೆ ಹರಿಸಿ ತೊಳೆಯಿರಿ. ಬ್ಲೀಚ್ ತಾಗಿಸಬೇಡಿ, ಅದು ಎಮಲ್ಷನ್ನನ್ನೇ ಕರಗಿಸುತ್ತದೆ. ತೊಳೆದ ಸ್ಕ್ರೀನ್ ಪೂರ್ತಿ ಒಣಗುವವರೆಗೆ ಮತ್ತೆ ಮುದ್ರಣಕ್ಕೆ ಹಾಕದಿರುವುದು ಒಳ್ಳೆಯದು, ಏಕೆಂದರೆ ನೆನೆದ ಪದರವನ್ನು ಸ್ಕ್ವೀಜಿ ಬಹಳ ಬೇಗ ಸವೆಸುತ್ತದೆ.

ಪ್ರಶ್ನಿಸಿದವರು

ಯುವಿ ದೀಪ, ಎರಡು ಪದರದ ಪಾಸಿಟಿವ್, ಒಣ ಕೋಣೆ, ಮೂರೂ ಆಯಿತು. ಒಳಬದಿ ಈಗ ಜಾರುವುದಿಲ್ಲ, ಕಾಗದಕ್ಕೆ ಬಣ್ಣ ಹತ್ತುವುದಿಲ್ಲ, ಸಣ್ಣ ಗೆರೆಗಳೂ ತೆರೆದಿವೆ, ಅಂಚುಗಳು ಮುದ್ರಣದ ಉದ್ದಕ್ಕೂ ನಿಂತವು. ಆದರೂ ಅಲ್ಲಲ್ಲಿ ಸೂಜಿತೂತುಗಳು ಉಳಿದಿವೆ. ಅವು ಬೆಳಕು ಕೊಟ್ಟು ತೊಳೆದ ಕೂಡಲೇ, ಮುದ್ರಣಕ್ಕೆ ಮೊದಲೇ ಕಾಣುತ್ತವೆ.

ಉತ್ತರ 1

ಮುದ್ರಣಕ್ಕೆ ಮೊದಲೇ ಇರುವ ತೂತುಗಳಿಗೆ ನೀರು ಕಾರಣವಲ್ಲ. ಬೆಳಕು ಕೊಡುವಾಗ ಪಾಸಿಟಿವ್ ಒತ್ತಿಡುವ ಗಾಜಿನ ಮೇಲಿನ ಧೂಳು, ಮೆಶ್ ಮೇಲಿನ ಎಣ್ಣೆಯಂಶ, ಡಯಾಜೊ ಬೆರೆಸಿದ ಕೂಡಲೇ ಹಚ್ಚಿದ್ದರಿಂದ ಒಳಗುಳಿದ ಗುಳ್ಳೆಗಳು, ಈ ಮೂರರಲ್ಲೊಂದು ಇರಬೇಕು. ಹೊಸ ಮೆಶ್ ಆದರೂ ಡಿಗ್ರೀಸರ್‌ನಿಂದ ತೊಳೆಯಿರಿ, ನೀರು ಹಾಳೆಯಂತೆ ಹರಡಿ ನಿಲ್ಲುವವರೆಗೆ ತೊಳೆಯುವುದನ್ನು ನಿಲ್ಲಿಸಬೇಡಿ. ನೀರು ಹನಿಹನಿಯಾಗಿ ಒಡೆದರೆ ಎಣ್ಣೆ ಇನ್ನೂ ಇದೆ. ಬೆರೆಸಿದ ಎಮಲ್ಷನ್ನನ್ನು ಕೆಲವು ಗಂಟೆ ಹಾಗೆಯೇ ಇಟ್ಟು ಗುಳ್ಳೆಗಳು ಮೇಲೆದ್ದು ಹೋದ ಮೇಲೆ, ಮೊದಲು ಮುದ್ರಣದ ಬದಿಗೂ ನಂತರ ಸ್ಕ್ವೀಜಿ ಬದಿಗೂ ನಿಧಾನವಾಗಿ ಹಚ್ಚಿ. ಈಗ ಇರುವ ತೂತುಗಳಿಗೆ ಅದೇ ಎಮಲ್ಷನ್ನನ್ನು ಕುಂಚದ ತುದಿಯಿಂದ ಮುದ್ರಣದ ಬದಿಯಲ್ಲಿ ತುಂಬಿ, ಒಣಗಿಸಿ, ಮೊದಲಿನಷ್ಟೇ ಹೊತ್ತು ಬೆಳಕು ಕೊಡಿ. ಟೇಪ್ ಅಂಟಿಸಿ ಮುಚ್ಚಿದರೆ ನೀರಿನ ಶಾಯಿ ಅದರ ಅಡಿಗೆ ನುಸುಳಿ ಅಂಟು ಬಿಡಿಸುತ್ತದೆ.