ಪದಚರ್ಚೆ: ‘ಹುಳುಕು’ ಆಗುವ ಮೊದಲಿನ ಹಲ್ಲಿಗೆ ಏನೆನ್ನಬೇಕು?

ಮಾನ್ಯರೇ,

ವಿರಾಜಪೇಟೆ ಬಳಿಯ ಶಾಲೆಯೊಂದರ ಹಲ್ಲಿನ ತಪಾಸಣೆಗಾಗಿ ಪೋಷಕರಿಗೆ ಹಂಚುವ ಕರಪತ್ರವನ್ನು ತಿದ್ದುತ್ತಿದ್ದೇನೆ. ಅದರಲ್ಲಿ ‘ಮಿನಿಮಲಿ ಇನ್ವೇಸಿವ್ ಡೆಂಟಿಸ್ಟ್ರಿ’ (ಹಲ್ಲಿಗೆ ಆದಷ್ಟು ಕಡಿಮೆ ಕೈಹಾಕಿ ಮಾಡುವ ಚಿಕಿತ್ಸೆ) ಎಂಬುದು ‘ಕನಿಷ್ಠ ಆಕ್ರಮಣಕಾರಿ ದಂತವೈದ್ಯಕೀಯ’ ಎಂದಾಗಿದೆ. ಇದನ್ನೋದಿದ ತಾಯಿ ಮಗುವನ್ನು ಕಳುಹಿಸಲು ಹಿಂಜರಿದರೆ ತಪ್ಪು ಅವರದಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ‘ಹುಳುಕು’ ಎಂಬ ನಮ್ಮದೇ ಪದ. ಹಳಗನ್ನಡದ ‘ಪುೞು’ ಕನ್ನಡದಲ್ಲಿ ‘ಹುಳು’ವಾಯಿತು, ಕೊಡವರ ಮಾತಾದ ಕೊಡವ ತಕ್ಕ್‌ನಲ್ಲಿ ‘ಪುಳು’ವಾಗಿ ಉಳಿಯಿತು, ಎರಡೂ ಮಾತಿನವರಿಗೆ ಹಲ್ಲು ಕೆಟ್ಟಿತೆಂದರೆ ಒಳಗೆ ಹುಳ ಹೊಕ್ಕಿತೆಂದೇ ಅರ್ಥ. ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಡುವ ತೋಟದವರು ಹುಳ ಹಿಡಿದ ಹಲ್ಲನ್ನೂ ‘ಕಿತ್ತುಬಿಡಿ ಡಾಕ್ಟ್ರೇ’ ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಹಲ್ಲಿನಲ್ಲಿ ನಡೆಯುವುದು ಬೇರೆ: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲವನ್ನು ಹುಟ್ಟಿಸುತ್ತವೆ, ಆಮ್ಲೀಯತೆಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜ ಕರಗತೊಡಗುತ್ತದೆ, ಮೊದಲು ಕಾಣುವುದು ತೂತಲ್ಲ, ಹೊಳಪಿಲ್ಲದ ಬಿಳಿ ಕಲೆ. ಆ ಹಂತದಲ್ಲಿ ಫ್ಲೋರೈಡ್ ಮತ್ತು ಜೊಲ್ಲಿನ ಖನಿಜಗಳಿಂದ ಅದು ಮತ್ತೆ ಗಟ್ಟಿಯಾಗಬಲ್ಲದು. ಕೊರೆಯಬೇಕಿಲ್ಲ, ಸಿಮೆಂಟ್ ತುಂಬಿಸಬೇಕಿಲ್ಲ.

ಚಿಕಿತ್ಸೆಯ ಹೆಸರಿಗೆ ‘ಮಿತಕೊರೆತದ ಚಿಕಿತ್ಸೆ’ ಎಂದು ಯೋಚಿಸಿದ್ದೆ. ಮುಂದೆ ಕೆಡದಿರಲೆಂದು ಒಳ್ಳೆಯ ಭಾಗವನ್ನೂ ಸೇರಿಸಿ ಕೊರೆಯಬೇಕೆಂದಿದ್ದ ಅಮೆರಿಕದ ದಂತವೈದ್ಯ ಜಿ. ವಿ. ಬ್ಲ್ಯಾಕ್‌ ಅವರ ಹಳೆಯ ಪದ್ಧತಿಗೆ ಇದು ಸರಿಯಾದ ಎದುರುಪದ. ಆದರೆ ಇದೇ ಚಿಕಿತ್ಸೆಯ ಭಾಗವಾಗಿ ಹಲ್ಲಿಗೆ ಫ್ಲೋರೈಡ್ ಲೇಪ (ವಾರ್ನಿಷ್) ಹಚ್ಚುವಲ್ಲಿ ಕೊರೆತವೇ ಇಲ್ಲವಲ್ಲ! ‘ಹಲ್ಲುಳಿಸುವ ಚಿಕಿತ್ಸೆ’ ಕಿವಿಗೆ ಹಿತ, ಆದರೆ ಹಲ್ಲನ್ನು ಬಹಳಷ್ಟು ಕೊರೆದು ಮಾಡುವ ರೂಟ್ ಕೆನಾಲ್ ಕೂಡ ಹಲ್ಲನ್ನು ಉಳಿಸುತ್ತದೆ. ಸದ್ಯಕ್ಕೆ ‘ಸಹಜ ಹಲ್ಲನ್ನು ಆದಷ್ಟು ಉಳಿಸಿಕೊಳ್ಳುವ ಚಿಕಿತ್ಸೆ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೂ ಸುಳ್ಳಾಗಲಿಲ್ಲ.

ಬಿಳಿ ಕಲೆಗೆ ಮಾತ್ರ ಪದ ಸಿಕ್ಕಿಲ್ಲ. ‘ಬಿಳಿಮಚ್ಚೆ’ ಎಂದರೆ ತೊನ್ನು ನೆನಪಾಗುತ್ತದೆ. ‘ಸುಣ್ಣಗಲೆ’ ಎಂದು ಬರೆದು ನೆರೆಮನೆಯ ಎಲೆಯಡಿಕೆಯ ಅಜ್ಜಿಗೆ ಓದಿ ಹೇಳಿದೆ. ಅವರು ಮೊಮ್ಮಗನ ತುಟಿ ಎತ್ತಿ, ಆ ಕಲೆಯನ್ನು ಉಗುರಿನಿಂದ ಕೆರೆದು ತೆಗೆಯಲು ನೋಡಿದರು. ತೂತಾಗುವ ಮೊದಲಿನ ಈ ಸ್ಥಿತಿಗೆ ತಮ್ಮ ಕಡೆ ಬಳಕೆಯಲ್ಲಿರುವ ಮಾತೇನಾದರೂ ಇದ್ದರೆ, ಯಾವ ಊರಿನದೆಂಬುದರೊಂದಿಗೆ ದಯವಿಟ್ಟು ತಿಳಿಸಿ.