ಟಾಲಿಲಿನ್ ರೈಲು: ಕಾರಿಸ್ ಎಂಜಿನ್ ಹಳಿ ತಪ್ಪುತ್ತಿದ್ದುದೇಕೆ?

ಪ್ರಶ್ನೆ: ವೇಲ್ಸ್‌ನ ಟಾಲಿಲಿನ್ ಮಾರ್ಗವನ್ನು ಸ್ವಯಂಸೇವಕರು 1951ರಲ್ಲಿ ವಹಿಸಿಕೊಂಡರಲ್ಲ, ಆಗ ವೇಲ್ಸ್‌ನದೇ ಇನ್ನೊಂದು ಮಾರ್ಗವಾದ ಕಾರಿಸ್‌ನಿಂದ ತಂದ 3ನೇ ನಂಬರ್ ಎಂಜಿನ್ ಪದೇ ಪದೇ ಹಳಿ ತಪ್ಪುತ್ತಿತ್ತಂತೆ. ಎರಡೂ ಕಡೆ ಗೇಜ್ (ಎರಡು ಹಳಿಗಳ ನಡುವಿನ ಅಂತರ) 2 ಅಡಿ 3 ಅಂಗುಲವೇ ಅಲ್ವಾ?

ಉತ್ತರ 1: ಹೌದು ಸರ್, ಆದರೆ ಟಾಲಿಲಿನ್‌ನಲ್ಲಿ ಹಳೇ ಕಂಪನಿಯವರು ಹಳಿಗಳನ್ನು ಬೇಕೆಂದೇ ಸುಮಾರು ಅರ್ಧ ಅಂಗುಲ ಅಗಲವಾಗಿ ಹಾಕಿದ್ದರು. 3ನೇ ನಂಬರಿನ ಚಕ್ರದಲ್ಲಿ ಹಳಿಯ ಮೇಲೆ ಕೂರುವ ಪಟ್ಟಿ ಕಿರಿದು, ಹಾಗಾಗಿ ಚಕ್ರ ಹಳಿಗಳ ನಡುವೆ ಇಳಿದುಬಿಡುತ್ತಿತ್ತು. ಟಾಲಿಲಿನ್‌ನದೇ ಆದ 1866ರ ಡಾಲ್‌ಗಾಕ್ ಎಂಜಿನ್ನಿನ ಚಕ್ರದ ಪಟ್ಟಿ ಅಗಲ. ಮೊದಲ ಸೀಸನ್ ಪೂರ್ತಿ ಎಳೆದದ್ದು ಆ ಮುದಿ ಎಂಜಿನ್ನೇ, ನಿಜಕ್ಕೂ ದೊಡ್ಡ ಮಾತು!

ಉತ್ತರ 2: ಹಳಿ ಅಗಲವಾಗಿರುವ ಕಡೆ ಮೊದಲು ಕೊಳೆತ ಸ್ಲೀಪರ್ (ಹಳಿಯಡಿಯ ಮರದ ತೊಲೆ) ಬದಲಿಸಿ. ಒಂದು ಹಳಿಯನ್ನು ನೇರ ಮಾಡಿ ಬಿಗಿದು, ಗೇಜ್ ಬಾರ್ (ಹಳಿಗಳ ಅಂತರ ಅಳೆಯುವ ಸಲಾಕೆ) ಇಟ್ಟು ಇನ್ನೊಂದನ್ನು ಒಳಕ್ಕೆ ತನ್ನಿ. ಉಳಿಸಿಕೊಂಡ ಸ್ಲೀಪರಿನಲ್ಲಿ ಹಳೇ ತೂತಿಗೇ ಮೊಳೆ ಹೊಡೆದರೆ ನಿಲ್ಲಲ್ಲ, ಮರದ ಬೆಣೆ ತುಂಬಿ ಪಕ್ಕದಲ್ಲಿ ಹೊಸ ತೂತು ಕೊರೆಯಿರಿ.

ಉತ್ತರ 3: ಕಾರಿಸ್‌ನ 3, 4ನೇ ನಂಬರ್ ಎರಡನ್ನೂ ತಲಾ 25 ಪೌಂಡ್‌ಗೆ ಕೊಂಡಿದ್ದರು.